ಸುಣ್ಣದ ಬಕೆಟ್ಟು ಮತ್ತು ನಾಲ್ಕನೆಯ ಚೀಟಿ

ಯಾವ ಪಾತ್ರೆಯನ್ನೂ ನಾನು ಎರಡು ಸಲ ತೊಳೆಯದೆ ಬಳಸುವುದಿಲ್ಲ. ಹೆಂಡತಿ ಇದಕ್ಕೆ ಮಡಿಯ ಹುಚ್ಚು ಎಂದು ಹೆಸರಿಟ್ಟಿದ್ದಾಳೆ. ಮಕ್ಕಳು ಬೆನ್ನ ಹಿಂದೆ ನಗುತ್ತಾರೆ. ಮೊನ್ನೆ ಸೊಸೆ, "ಮಾವ, ಅದು ಹೊಸ ಬಕೆಟ್ಟು, ಅಂಗಡಿಯಿಂದ ಈಗ ತಾನೆ ತಂದದ್ದು" ಎಂದಳು. ಆದರೂ ತೊಳೆದೆ. ಕಾರಣವನ್ನು ಯಾರಿಗೂ ಹೇಳಿಲ್ಲ. ಹೇಳಿಕೊಳ್ಳುವಂಥ ದೊಡ್ಡಸ್ತಿಕೆ ಅದರಲ್ಲಿ ಇಲ್ಲ, ನಾಚಿಕೆ ಮಾತ್ರ ಇದೆ. ಈ ವಯಸ್ಸಿನಲ್ಲಿ ನಾಚಿಕೆಯನ್ನು ಜೋಪಾನ ಮಾಡಿ ಯಾರಿಗೆ ಬಿಟ್ಟುಹೋಗಬೇಕು? ಅದಕ್ಕೇ ಬರೆಯಲು ಕೂತಿದ್ದೇನೆ.

ಅದು ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ. ಮಡಿಕೇರಿಯಲ್ಲೇ ನಮ್ಮ ಸರ್ಕಾರ, ನಮ್ಮ ಮಂತ್ರಿಗಳು. ಮೈಸೂರಿಗೆ ಸೇರಬೇಕೋ ಬೇಡವೋ ಎಂಬುದು ಹೋಟೆಲುಗಳಲ್ಲಿ ಕಾಫಿ ಆರುವ ತನಕ ನಡೆಯುತ್ತಿದ್ದ ಜಗಳ. ನಾನು ಕೊಡ್ಲಿಪೇಟೆ ಕಡೆಯವನು. ಹೈಸ್ಕೂಲು ಮುಗಿಸಿ, ಟೈಪಿಂಗ್ ಕಲಿತು, ಗಾಳಿಬೀಡಿನ ದಾರಿಯಲ್ಲಿದ್ದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿ ಸೇರಿದ್ದೆ. ಎಸ್ಟೇಟಿನಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ, ಗೊಬ್ಬರದ ದಾಸ್ತಾನು, ಮಾಲೀಕರ ಪತ್ರ ಇವನ್ನೆಲ್ಲ ಬರೆಯುವ ಗುಮಾಸ್ತ. ವಯಸ್ಸು ಇಪ್ಪತ್ತಮೂರು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ತಲೆಯಲ್ಲಿ ಮಾತ್ರ ಕೊಂಬು ಆಗಲೇ ಮೂಡಿತ್ತು.

ಎಸ್ಟೇಟು ಮೊದಲು ಒಬ್ಬ ಇಂಗ್ಲಿಷ್ ದೊರೆಯದು. ಅವನು ಊರಿಗೆ ಹೊರಟಾಗ ಕೊಂಡವರು ಸೈನ್ಯದಿಂದ ನಿವೃತ್ತರಾದ ಒಬ್ಬ ಕೊಡವ ಸಾಹೇಬರು. ನೇರ ಮನುಷ್ಯ, ಮಾತು ಕಡಿಮೆ, ಸುಳ್ಳು ಕಂಡರೆ ಆಗದು. ಅವರಿಗೆ ಕಾಫಿಯಷ್ಟೇ ಅಕ್ಕರೆ ಬಂಗಲೆಯ ಮುಂದಿನ ಲಾನಿನ ಮೇಲೆ. ದೊರೆ ಬೆಳೆಸಿದ ಹುಲ್ಲು ಅದು; ಮೆಟ್ಟಿಲಿಳಿದರೆ ಬೇಲಿಯ ತನಕ ಹಸಿರು. "ಬಿಳಿಯರು ಹೋದ್ರು, ಅವರ ಹಿಂದೆ ಹುಲ್ಲೂ ಹೋಯ್ತು ಅಂತ ಯಾರೂ ಹೇಳಬಾರ್ದು ರೈಟ್ರೇ" ಎಂದು ಅವರು ಒಮ್ಮೆ ನನ್ನ ಹತ್ತಿರ ಹೇಳಿದ್ದುಂಟು. ಆ ಮಾತಿನ ಹಿಂದೆ ಎಷ್ಟು ಅಭಿಮಾನವಿತ್ತು ಎಂಬುದು ಆಗ ನನಗೆ ಅರ್ಥವಾಗಿರಲಿಲ್ಲ.

ಲಾನನ್ನು ನೋಡಿಕೊಳ್ಳುತ್ತಿದ್ದವರು ಸಂಪಾಜೆ ಕಡೆಯ ಒಬ್ಬ ಮಾಲಿ. ಅರೆಭಾಷೆಯವರು, ಐವತ್ತು ದಾಟಿದವರು. ಎದುರಿಗೆ ನಾನು ಅವರನ್ನು ಅಣ್ಣ ಎಂದು ಕರೆಯುತ್ತಿದ್ದೆ, ಬೆನ್ನ ಹಿಂದೆ 'ಅವನು' ಎನ್ನುತ್ತಿದ್ದೆ. ಈಗ ಬರೆಯುವಾಗಲಾದರೂ 'ಅವರು' ಎನ್ನುತ್ತೇನೆ. ಬಂಗಲೆಯ ಹಿಂದೆ ಅವರಿಗೆ ಒಂದೇ ಒಂದು ಕೋಣೆ. ಹೆಂಡತಿ ಸಂಪಾಜೆಯಲ್ಲಿ, ತನ್ನ ಅಣ್ಣನ ಮನೆಯಲ್ಲಿ. ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ಗಂಡ ಹೆಂಡಿರು ಸೇರಿ ಒಂದು ಒಲೆ ಹೂಡಿರಲಿಲ್ಲ. ವರ್ಷಕ್ಕೆ ಎರಡು ಸಲ ಇವರು ಹೋಗಿ ಬರುವುದು, ಅಷ್ಟೇ. ಸಂಪಾಜೆಗೆ ಹತ್ತಿರದ ಯಾವುದಾದರೂ ಬಂಗಲೆಯಲ್ಲಿ ಮನೆ ಸಮೇತ ಮಾಲಿಯ ಕೆಲಸ ಸಿಕ್ಕಿದರೆ ಸಾಕು ಎಂಬುದು ಅವರ ಒಂದೇ ಆಸೆ.

ಅದಕ್ಕೆ ಬೇಕಾದದ್ದು ಚೀಟಿ. ಆಗಿನ ಎಸ್ಟೇಟುಗಳಲ್ಲಿ ಒಬ್ಬ ಧಣಿಯ ಕೈಬಿಟ್ಟು ಇನ್ನೊಬ್ಬರ ಹತ್ತಿರ ಕೆಲಸ ಕೇಳಬೇಕಾದರೆ, ಈ ಮನುಷ್ಯ ಇಂಥವನು ಎಂದು ಹಳೆಯ ಧಣಿ ಬರೆದುಕೊಟ್ಟ ಚೀಟಿ ತೋರಿಸಬೇಕಿತ್ತು. ಅಣ್ಣನ ಹತ್ತಿರ ಅಂಥವು ಮೂರಿದ್ದವು, ಮೂವರು ಬಿಳಿ ದೊರೆಗಳು ಬರೆದದ್ದು. ಸಿಗರೇಟಿನ ದುಂಡು ಡಬ್ಬದಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ಓದಲು ಬಾರದಿದ್ದರೂ ಯಾವುದು ಯಾರದೆಂದು ಕಾಗದದ ಬಣ್ಣದಿಂದಲೇ ಗೊತ್ತು. ಮಳೆಗಾಲದ ಭಾನುವಾರಗಳಲ್ಲಿ ಆಫೀಸಿಗೆ ಬಂದು, "ಒಂದ್ಸಲ ಓದಿ ರೈಟ್ರೇ" ಎಂದು ಡಬ್ಬ ಮುಂದಿಡುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಹೇಳುತ್ತಿದ್ದೆ. ಅವರು ಗೋಡೆಗೆ ಒರಗಿ, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಾ ಕೇಳುವರು. 'ನಂಬಿಕಸ್ಥ, ಹುಲ್ಲಿನ ವಿಷಯದಲ್ಲಿ ಇವನಿಗೆ ನಾನು ಹೇಳಿಕೊಡುವುದು ಏನೂ ಇರಲಿಲ್ಲ' ಎಂಬಲ್ಲಿ ಪ್ರತಿ ಸಲವೂ ಒಂದು ನಗೆ ಬರುತ್ತಿತ್ತು.

ಅವರ ಪದ್ಧತಿ ಸುಲಭದ್ದು. ಬಂಗಲೆಯ ಹಂಡೆ ಒಲೆಯ ಬೂದಿಯನ್ನು ವರ್ಷವಿಡೀ ಗೋಣಿಯಲ್ಲಿ ಕೂಡಿಡುವುದು, ಮಳೆಗಾಲ ಕಳೆದ ಮೇಲೆ ಜರಡಿ ಹಿಡಿದು ಲಾನಿಗೆ ಎರಚುವುದು. ಆಮೇಲೆ ಕೊಟ್ಟಿಗೆಯ ಹಳೆ ಗೊಬ್ಬರ, ಪುಡಿ ಮಾಡಿ, ತೆಳ್ಳಗೆ. ಯಾಕೆ ಬೂದಿ ಎಂದು ನಾನೊಮ್ಮೆ ಕೇಳಿದೆ. ಅವರು ಒಂದು ಚಿಟಿಕೆ ಮಣ್ಣು ತೆಗೆದು ನಾಲಗೆಯ ತುದಿಗೆ ಹಾಕಿಕೊಂಡು ಉಗಿದರು.

"ಹುಳಿ ಉಟ್ಟು. ಇಷ್ಟು ಮಳೆ ಹೊಯ್ದರೆ ಮಣ್ಣಿನ ಸಾರ ಎಲ್ಲ ತೊಳ್ದು ಹೋದೆ. ಬೂದಿ ಹಾಕೊಕು."

ನಾನು ಆ ಕಥೆಯನ್ನು ಆಫೀಸಿನಲ್ಲಿ ಹೇಳಿ ನಗಿಸಿದೆ. ಮಣ್ಣು ತಿಂದು ನೋಡುವ ಡಾಕ್ಟರು ಎಂದೆ.

ಆ ವರ್ಷ ಸಾಹೇಬರು ಯಾರದೋ ಬಂಗಲೆಗೆ ಊಟಕ್ಕೆ ಹೋಗಿ ಬಂದವರು, ನಮ್ಮದಕ್ಕಿಂತ ದಟ್ಟ ಹಸಿರಿನ ಲಾನು ನೋಡಿ ಬಂದಿದ್ದರು. ಅಲ್ಲಿ ಮಣ್ಣನ್ನು ಪರೀಕ್ಷೆಗೆ ಕಳಿಸಿ, ವರದಿ ನೋಡಿ ಗೊಬ್ಬರ ಹಾಕುತ್ತಾರಂತೆ. ಬಯಲುಸೀಮೆಯ ಕಡೆ ಒಂದು ಪ್ರಯೋಗಶಾಲೆ ಇದೆಯಂತೆ. ಮರುದಿನವೇ ಪತ್ರ ಬರೆಸಿದರು. ಮಣ್ಣು ತೆಗೆಯುವ ಕ್ರಮವನ್ನು ಅಚ್ಚು ಹಾಕಿಸಿದ ಒಂದು ಹಾಳೆ ಅಲ್ಲಿಂದ ಬಂತು. ಹತ್ತು ಕಡೆ ಗೇಣುದ್ದ ಅಗೆಯಬೇಕು, ಎಲ್ಲವನ್ನೂ ಸ್ವಚ್ಛವಾದ ಪಾತ್ರೆಯಲ್ಲಿ ಹೆಂಟೆ ಒಡೆದು ಬೆರೆಸಬೇಕು, ನೆರಳಲ್ಲಿ ಒಣಗಿಸಬೇಕು, ಬಟ್ಟೆಯ ಚೀಲದಲ್ಲಿ ಕಟ್ಟಿ ಕಳಿಸಬೇಕು. ಹಾಳೆಯನ್ನು ನಾನು ಬಾಯಿಪಾಠ ಮಾಡಿದೆ. ಎಸ್ಟೇಟಿನಲ್ಲಿ ವಿಜ್ಞಾನವೆಂಬುದು ನನ್ನ ಕೈಯಿಂದಲೇ ಆರಂಭವಾಗುತ್ತದೆ ಎಂಬ ಭ್ರಮೆ.

ಸೆಪ್ಟೆಂಬರ್ ಕೊನೆ ಇರಬೇಕು. ಮಳೆ ಹಿಂದೆ ಸರಿದು, ಕಾಫಿ ಗಿಡಗಳಿಗೆ ಔಷಧಿ ಹೊಡೆಯುವ ಕೆಲಸ ನಡೆಯುತ್ತಿತ್ತು. ಮೈಲುತುತ್ತವನ್ನೂ ಸುಣ್ಣವನ್ನೂ ಬೇರೆ ಬೇರೆ ಕಲಸಿ, ಆಮೇಲೆ ಪೀಪಾಯಿಯಲ್ಲಿ ಕೂಡಿಸಿ, ಎಲೆಗೆ ಹೊಡೆಯುವುದು. ಎಸ್ಟೇಟಿನ ಬಕೆಟ್ಟುಗಳೆಲ್ಲ ಆ ಶೆಡ್ಡಿನಲ್ಲಿ. ಲಾನಿನ ಮಣ್ಣು ಬೆರೆಸಲು ನಾನು ಅಲ್ಲಿಂದಲೇ ಒಂದು ಕಬ್ಬಿಣದ ಬಕೆಟ್ಟು ತರಿಸಿದೆ. ಒಳಗೆಲ್ಲ ಬೆಳ್ಳಗೆ ಒಣಗಿ ಹಕ್ಕಳೆ ಕಟ್ಟಿತ್ತು. ನಾನದನ್ನು ಬೆರಳಲ್ಲಿ ಮುಟ್ಟಿ ನೋಡಿದೆ. ಒಣಗಿದೆ, ಧೂಳಿಲ್ಲ, ಸಾಕು ಎಂದುಕೊಂಡೆ.

ಮಾಲಿ ಅಣ್ಣ ಹತ್ತು ಗುಂಡಿ ಅಗೆದು ಮಣ್ಣು ತಂದರು. ಬಕೆಟ್ಟು ನೋಡಿ ಕೈ ತಡೆದರು.

"ಇದು ಸುಣ್ಣದ್ದು ರೈಟ್ರೇ. ತೊಳೆಯೊಕು."

"ಸುಮ್ನಿರಣ್ಣ. ನೀರು ತಾಗಿದ್ರೆ ಮಣ್ಣು ಒಣಗಾಕೆ ಇನ್ನೂ ನಾಕು ದಿನ. ಕಾಗದದಲ್ಲಿ ಒಣಗಿರಬೇಕು ಅಂತ ಬರ್ದವ್ರೆ."

ಅವರು ಇನ್ನೇನೋ ಹೇಳಲು ಹೋಗಿ, ನನ್ನ ಕೈಯಲ್ಲಿದ್ದ ಅಚ್ಚಿನ ಹಾಳೆ ನೋಡಿ ಸುಮ್ಮನಾದರು. ನಾನೇ ಒನಕೆಯ ತುಂಡೊಂದನ್ನು ಹಿಡಿದು ಬಕೆಟ್ಟಿನೊಳಗೆ ಹೆಂಟೆಗಳನ್ನು ಕುಟ್ಟಿದೆ. ಟಣ್ ಟಣ್ ಎಂದು ಬದಿಗೆ ತಾಗುತ್ತಿತ್ತು. ಬಿಳಿ ಹಕ್ಕಳೆ ಉದುರಿ ಮಣ್ಣಿಗೆ ಸೇರಿದ್ದು ನನಗೆ ಕಾಣಲಿಲ್ಲ, ಅಥವಾ ಕಂಡೂ ಲೆಕ್ಕಕ್ಕೆ ಬರಲಿಲ್ಲ. ಚೀಲ ಕಟ್ಟಿ, ಹೆಸರು ಬರೆದು, ಅಂಚೆಗೆ ಹಾಕಿದೆ.

ಡಿಸೆಂಬರಿನಲ್ಲಿ ವರದಿ ಬಂತು. ಪ್ರಯೋಗಶಾಲೆಯವರು ತಮಗೆ ಬಂದ ಮಣ್ಣನ್ನು ಸರಿಯಾಗಿಯೇ ನೋಡಿದ್ದರು, ತಪ್ಪಿದ್ದದ್ದು ಮಣ್ಣಿನಲ್ಲಿ. ಈ ಮಣ್ಣಿನಲ್ಲಿ ಹುಳಿ ಇಲ್ಲ, ಸುಣ್ಣವಾಗಲಿ ಬೂದಿಯಾಗಲಿ ಸದ್ಯಕ್ಕೆ ಬೇಡ, ಹುಲ್ಲಿಗೆ ಸಾರಜನಕ ಸಾಲದು, ಅಮೋನಿಯಂ ಸಲ್ಫೇಟ್ ಕೊಡಿ ಎಂದು ಬರೆದಿತ್ತು. ಸಾಹೇಬರು ಎರಡು ಸಲ ಓದಿ, ನನ್ನ ಕೈಗೆ ಕೊಟ್ಟು, "ಪ್ಲಾನ್ ಮಾಡಿ ರೈಟ್ರೇ. ಕಾಗದ ಏನು ಹೇಳ್ತದೋ ಅದೇ ಆಗ್ಬೇಕು" ಎಂದರು.

ನನಗೆ ಹಬ್ಬ. ಲಾನನ್ನು ಹಗ್ಗ ಹಿಡಿದು ಅಳೆದೆ, ಚೌಕಗಳಾಗಿ ಭಾಗ ಮಾಡಿದೆ. ಮಾರ್ಚಿನಲ್ಲಿ ಕಾಫಿಯ ಮೊಗ್ಗು ಅರಳಿಸುವ ಹೂಮಳೆ ಬಿದ್ದ ಕೂಡಲೆ ಒಂದು ಕಂತು, ಮುಂಗಾರಿಗೆ ಮೊದಲು ಒಂದು, ಮಳೆ ಕಳೆದ ಮೇಲೆ ಒಂದು. ಯಾವ ಚೌಕಕ್ಕೆ ಎಷ್ಟು ತೂಕ ಎಂದು ಪಟ್ಟಿ ಬರೆದು, ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಆಫೀಸಿನ ಗೋಡೆಗೆ ಅಂಟಿಸಿದೆ. ಪಟ್ಟಿಯ ಕೆಳಗೆ ದೊಡ್ಡದಾಗಿ 'ಬೂದಿ ಹಾಕಕೂಡದು' ಎಂದು ಬರೆದೆ. ಅದನ್ನು ಓದಲು ಬಾರದ ಮನುಷ್ಯನಿಗೆ ಓದಿ ಹೇಳಿದವನೂ ನಾನೇ.

"ಎಂಥಕೆ ಬೊತ್ತು?" ಯಾಕೆ ಬೇಡ ಎಂದು ಅವರು ಕೇಳಿದರು. ವರದಿ ಬರುವ ತನಕ ತಡೆದಿದ್ದ ಆ ವರ್ಷದ ಬೂದಿ ಆರು ಗೋಣಿ ತುಂಬಿ ಕೂತಿತ್ತು.

"ಹುಳಿ ಇಲ್ಲವಂತೆ ಅಣ್ಣ. ಮಿಶನ್ನು ಹಾಕಿ ನೋಡವ್ರೆ. ನಿನ್ನ ನಾಲಗೆಗಿಂತ ಮಿಶನ್ನು ಜಾಸ್ತಿ ತಿಳ್ಕೊಂಡಿರ್ತದೆ."

ಆಫೀಸಿನಲ್ಲಿದ್ದವರು ನಕ್ಕರು. ಅವರೂ ಸ್ವಲ್ಪ ನಕ್ಕರು. ಆ ನಗು ನನಗೆ ಈಗಲೂ ಚುಚ್ಚುತ್ತದೆ. ಎದುರು ಮಾತಾಡಿದ್ದರೆ ಎಷ್ಟೋ ಒಳ್ಳೆಯದಿತ್ತು.

ಹೂಮಳೆ ಬಿತ್ತು. ಬಿಳಿ ಉಪ್ಪಿನಂಥ ಗೊಬ್ಬರವನ್ನು ನನ್ನ ಪಟ್ಟಿಯ ಪ್ರಕಾರ ಅವರು ಚೌಕ ಚೌಕಕ್ಕೆ ಎರಚಿದರು. ಹದಿನೈದು ದಿನಕ್ಕೆ ಲಾನು ಕಡು ಹಸಿರಾಯಿತು. ನಾನು ನೆಲದ ಮೇಲೆ ನಡೆಯುವುದನ್ನೇ ಬಿಟ್ಟೆ ಎನ್ನಬೇಕು. ಅಲ್ಪನಿಗೆ ಐಶ್ವರ್ಯ ಬಂದ ಹಾಗೆ, ಬಂದವರಿಗೆಲ್ಲ ಗೋಡೆಯ ಪಟ್ಟಿ ತೋರಿಸಿದ್ದೇ ತೋರಿಸಿದ್ದು. ಸಾಹೇಬರು ಅದರ ಪ್ರತಿಗಳನ್ನು ಟೈಪು ಮಾಡಿಸಿ ಸ್ನೇಹಿತರಿಗೆ ಕಳಿಸಿದರು. ನನ್ನ ಕೆಲಸವನ್ನು ವರ್ಷದ ಕೊನೆಗೆ ಖಾಯಂ ಮಾಡುವ ಮಾತನ್ನೂ ಆಡಿದರು. ಮಾಲಿ ಅಣ್ಣ ಮಾತ್ರ ಹುಲ್ಲಿನ ಬುಡವನ್ನು ಕೆದಕಿ ನೋಡುತ್ತಿದ್ದರು. ಮೇ ತಿಂಗಳಲ್ಲಿ ಎರಡನೆಯ ಕಂತು ಹಾಕುವಾಗ, "ಮೇಲೆ ಚೆಂದ ಉಟ್ಟು ರೈಟ್ರೇ, ಬೇರಿಗೆ ಸುಖ ಇಲ್ಲೆ" ಎಂದರು. ಹೊಟ್ಟೆಕಿಚ್ಚು ಎಂದುಕೊಂಡೆ.

ಆ ವರ್ಷದ ಮಳೆ ಎಂದಿನ ಮಳೆಯೇ. ಜೂನಿನಲ್ಲಿ ಹಿಡಿದದ್ದು ಆಗಸ್ಟ್ ಕಳೆಯುವ ತನಕ ಬಿಡಲಿಲ್ಲ. ಮಂಜು ತೆರೆದು ಬಿಸಿಲು ಕಂಡ ದಿನ ನೋಡಿದರೆ, ಲಾನಿನಲ್ಲಿ ಹುಲ್ಲಿಗಿಂತ ಪಾಚಿ ಹೆಚ್ಚಿತ್ತು. ಅಲ್ಲಲ್ಲಿ ಬೋಳು ಬಿದ್ದು ಕೆಂಪು ಮಣ್ಣು ಕಾಣುತ್ತಿತ್ತು. ಸಾಹೇಬರು ನನ್ನನ್ನು ಕರೆದು ಕೇಳಿದರು. ಮೂರನೆಯ ಕಂತು ಬಾಕಿ ಇದೆ ಸಾರ್, ಅದು ಬಿದ್ದರೆ ಸರಿಹೋಗುತ್ತದೆ ಎಂದೆ. ಕಂತು ಬಿತ್ತು. ಬೋಳು ಇನ್ನೂ ಅಗಲವಾಯಿತು.

ಅದಾಗಿ ನಾಲ್ಕೈದು ದಿನಕ್ಕೆ ನಾನು ಔಷಧಿ ಶೆಡ್ಡಿನಲ್ಲಿ ಹಾಜರಿ ಬರೆಯುತ್ತ ಕೂತಿದ್ದೆ. ಔಷಧಿ ಕಲಸುವವನು ಪೀಪಾಯಿಯೊಳಗೆ ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ತೆಗೆದ. ಅಲಗಿಗೆ ತಾಮ್ರದ ಕೆಂಪು ಹತ್ತಿತ್ತು. "ಇನ್ನೂ ಖಾರ ಉಂಟು, ಸುಣ್ಣ ಹಾಕು" ಎಂದು ಪಕ್ಕದವನಿಗೆ ಹೇಳಿದ. ಪಕ್ಕದವನು ಬಕೆಟ್ಟಿನ ತಳದಲ್ಲಿ ಹಕ್ಕಳೆ ಕಟ್ಟಿದ್ದ ಸುಣ್ಣವನ್ನು ಮರದ ತುಂಡಿನಿಂದ ಕುಟ್ಟಿ, ಕೆರೆದು, ಒಂದೇ ಒಂದು ಹಿಡಿ ಪೀಪಾಯಿಗೆ ಹಾಕಿದ. ಕಲಸಿ ಮತ್ತೆ ಕತ್ತಿ ಅದ್ದಿದಾಗ ಅಲಗು ಹಾಗೇ ಹೊಳೆಯುತ್ತಿತ್ತು. ಅಷ್ಟು ದೊಡ್ಡ ಪೀಪಾಯಿಯ ಹುಳಿ ಕೊಲ್ಲಲು ಒಂದು ಹಿಡಿ ಸುಣ್ಣ ಸಾಕಾಗಿತ್ತು.

ಟಣ್ ಟಣ್ ಎಂಬ ಆ ಸದ್ದು ನನಗೆ ಗುರುತು ಸಿಕ್ಕಿತು. ಬಕೆಟ್ಟೂ ಅದೇ. ಲಾನಿನ ಹುಳಿ ಎಲ್ಲಿಗೂ ಹೋಗಿರಲಿಲ್ಲ. ನಾನು ಪರೀಕ್ಷೆಗೆ ಕಳಿಸಿದ್ದು ಸುಣ್ಣ ಬೆರೆಸಿದ ಮಣ್ಣು. ಬೂದಿ ನಿಲ್ಲಿಸಿ, ಹುಳಿಯನ್ನು ಇನ್ನಷ್ಟು ಹೆಚ್ಚಿಸುವ ಗೊಬ್ಬರವನ್ನು ಮೂರು ಸಲ ಹಾಕಿಸಿದ್ದೆ. ತೊಳೆಯೊಕು ಎಂದು ಹೇಳಿದ ಮನುಷ್ಯನನ್ನು ಸುಮ್ಮನಿರು ಎಂದಿದ್ದೆ.

ಆ ಸಂಜೆಯೇ ಬಂಗಲೆಗೆ ಹೋಗಿ ಹೇಳಬೇಕಿತ್ತು. ಮೆಟ್ಟಿಲ ತನಕ ಹೋದೆ ಕೂಡ. ಸಾಹೇಬರು ಒಳಗಿಂದ, "ಏನು ರೈಟ್ರೇ?" ಎಂದರು. "ಹಾಜರಿ ಪುಸ್ತಕ ಸಾರ್" ಎಂದೆ. ನಾಳೆ ಹೇಳೋಣ ಎಂದುಕೊಂಡು ಬಂದೆ. ಆ ನಾಳೆಗಳು ಬಿಸಿತುಪ್ಪದ ಹಾಗಾದವು, ನುಂಗುವಂತಿಲ್ಲ, ಉಗುಳುವಂತಿಲ್ಲ. ನನ್ನ ಪಟ್ಟಿ ನಾಲ್ಕು ಬಂಗಲೆಗಳ ಗೋಡೆಯ ಮೇಲಿತ್ತು. ಕೆಲಸ ಖಾಯಂ ಆಗಲು ಮೂರು ತಿಂಗಳಿತ್ತು. ಸತ್ಯ ಹೇಳಿದರೆ ಅದೆಲ್ಲ ಹೋಗುತ್ತದೆ ಎಂಬ ಭಯ ಒಂದು ಕಡೆ. ಮಣ್ಣು ತಿನ್ನುವ ಡಾಕ್ಟರ ಎದುರು ತಲೆ ತಗ್ಗಿಸಬೇಕಲ್ಲ ಎಂಬ ಸಣ್ಣತನ ಇನ್ನೊಂದು ಕಡೆ. ನಿಜ ಹೇಳಬೇಕೆಂದರೆ ಎರಡನೆಯದೇ ದೊಡ್ಡದಾಗಿತ್ತು.

ಅಕ್ಟೋಬರಿನ ಒಂದು ಬೆಳಿಗ್ಗೆ, ಹಾಜರಿ ಕರೆಯುವ ಮೊದಲು, ಬಂಗಲೆಯ ಪಕ್ಕದಲ್ಲಿ ಹಾದು ಬರುತ್ತಿದ್ದೆ. ಮಾಲಿ ಅಣ್ಣ ಬೇಲಿಯ ಬದಿಯಲ್ಲಿ ಜರಡಿ ಹಿಡಿದು ನಿಂತಿದ್ದರು. ಬೂದಿ ಎರಚುತ್ತಿದ್ದರು. ನನ್ನನ್ನು ಕಂಡು ಜರಡಿ ಕೆಳಗಿಟ್ಟರು.

"ಕಣ್ಣೆದುರು ಸಾಯುದನ್ನ ನೋಡಿಕೆ ಆಲೆ ರೈಟ್ರೇ. ಈ ಬದಿಗೆ ಮಾತ್ರ, ಸ್ವಲ್ಪ."

ನಾನು ಬೇಡ ಎನ್ನಲಿಲ್ಲ, ಹಾಕು ಎಂದೂ ಹೇಳಲಿಲ್ಲ. ಕಾಣದವನ ಹಾಗೆ ತಲೆ ತಗ್ಗಿಸಿ ಹೋದೆ. ನನ್ನ ತಪ್ಪನ್ನು ಅವರೇ ಸದ್ದಿಲ್ಲದೆ ತೊಳೆದುಬಿಡಲಿ ಎಂಬ ಆಸೆ ಮನಸ್ಸಿನಲ್ಲಿತ್ತು. ಆದರೆ ಎರಡು ಗೋಣಿ ಬೂದಿ ಅಷ್ಟು ದೊಡ್ಡ ಲಾನಿಗೆ ಎಲ್ಲಿ ಸಾಕು? ಬೇಲಿಯ ಬದಿಯ ಒಂದು ಪಟ್ಟಿ ಮಾತ್ರ ಚಿಗುರಿತು.

ಪುತ್ತರಿ ಹಬ್ಬ ಮುಗಿದ ವಾರ ಸಾಹೇಬರ ಹಳೆಯ ಸೈನ್ಯದ ಸ್ನೇಹಿತರು ಕುಟುಂಬ ಸಮೇತ ಬಂದರು. ಲಾನಿನಲ್ಲಿ ಮೇಜು ಕುರ್ಚಿ ಹಾಕುವ ಹಾಗಿರಲಿಲ್ಲ, ವರಾಂಡದಲ್ಲಿ ಹಾಕಿದರು. ಬಂದವರಲ್ಲಿ ಒಬ್ಬರು ಮೆಟ್ಟಿಲ ಮೇಲೆ ನಿಂತು ನಗುತ್ತ, ದೊರೆ ಹೋಗುವಾಗ ಹುಲ್ಲನ್ನೂ ಸುತ್ತಿಕೊಂಡು ಹೋದನೋ ಎಂದರಂತೆ. ಕಾಫಿ ತಂದುಕೊಟ್ಟ ಬಟ್ಲರ್ ಬಂದು ಹೇಳಿದ. ಸಾಹೇಬರ ಮುಖ ಹೇಗಾಗಿರಬಹುದು ಎಂದು ನಾನು ಊಹಿಸಿಕೊಂಡೆ.

ಅತಿಥಿಗಳು ಹೋದ ಮರುದಿನ ಸಾಹೇಬರು ಲಾನನ್ನು ಅಂಗುಲ ಅಂಗುಲ ನೋಡಿದರು. ಬೇಲಿಯ ಬದಿಯಲ್ಲಿ ಹುಲ್ಲಿನ ಬುಡದಲ್ಲಿ ಬೂದಿ ಸಿಕ್ಕಿತು. ಆಫೀಸಿಗೆ ಕರೆಸಿದರು. ನಾನು ಮೇಜಿನ ಈಚೆ, ಮಾಲಿ ಅಣ್ಣ ಬಾಗಿಲ ಹತ್ತಿರ. ನೀನು ಬೂದಿ ಹಾಕಿದೆಯಾ ಎಂದು ಸಾಹೇಬರು ಅವರನ್ನು ಕೇಳಿದರು. ಹೌದು ಎಂದರು. ಹಾಕಬಾರದು ಎಂದು ನಿನಗೆ ಹೇಳಿದ್ದರಾ ಎಂದು ಕೇಳಿದರು. ಅದಕ್ಕೂ ಹೌದು ಎಂದರು. ಆಮೇಲೆ ಸಾಹೇಬರು ನನ್ನ ಕಡೆ ತಿರುಗಿದರು.

"ರೈಟ್ರೇ, ಇವನು ಬೂದಿ ಹಾಕ್ತಾ ಇದ್ದದ್ದು ನಿಮಗೆ ಗೊತ್ತಿತ್ತಾ?"

ಮಾಲಿ ಅಣ್ಣ ನನ್ನನ್ನೇ ನೋಡುತ್ತಿದ್ದರು, ಬೇಡಿಕೊಳ್ಳುವ ನೋಟವಲ್ಲ, ಇವನು ಹೇಳುತ್ತಾನೆ ಎಂಬ ನಂಬಿಕೆಯ ನೋಟ.

"ಇಲ್ಲ ಸಾರ್" ಎಂದೆ.

ಅವರು ನನ್ನ ಮೇಲಿಂದ ಕಣ್ಣು ತೆಗೆದು ನೆಲ ನೋಡಿದರು. ಬಕೆಟ್ಟಿನ ಮಾತನ್ನು ಅವರಾದರೂ ಎತ್ತಬಹುದಿತ್ತು, ಎತ್ತಲಿಲ್ಲ. ಸುಣ್ಣಕ್ಕೂ ವರದಿಗೂ ಏನು ಸಂಬಂಧವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ನಾನೊಬ್ಬನೇ. ಲೆಕ್ಕ ಚುಕ್ತಾ ಮಾಡಿ ಕಳಿಸಿ ಎಂದು ಸಾಹೇಬರು ಎದ್ದರು. ಮಾಲಿ ಅಣ್ಣ ಆಗ ಒಂದೇ ಮಾತು ಕೇಳಿದರು. "ಒಂದು ಚೀಟಿ ಕೊಡಿಸೊಕು ಧಣಿ." ಸಾಹೇಬರು, "ಕೊಡ್ತೇನೆ. ಇದ್ದದ್ದು ಇದ್ದ ಹಾಗೆ ಬರ್ದು ಕೊಡ್ತೇನೆ" ಎಂದರು.

ಅವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿದವನು ನಾನು. ಮೂರೇ ಸಾಲು. ಕೆಲಸ ಬಲ್ಲವನು, ಆದರೆ ಹೇಳಿದ ಮಾತು ಮೀರಿ ತನ್ನಿಷ್ಟದಂತೆ ನಡೆದು ಲಾನನ್ನು ಹಾಳುಮಾಡಿದ್ದರಿಂದ ಬಿಡಿಸಲಾಗಿದೆ ಎಂದಿತ್ತು. ಸಾಹೇಬರು ಸಹಿ ಹಾಕಿದರು. ಅವರ ಮಟ್ಟಿಗೆ ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಮಧ್ಯಾಹ್ನ ಮಾಲಿ ಅಣ್ಣ ಕಂಬಳಿ ಸುತ್ತಿಕೊಂಡು, ಟ್ರಂಕು ಹೊತ್ತು, ಆಫೀಸಿನ ಮುಂದೆ ಬಂದು ನಿಂತರು. ಡಬ್ಬ ಕೈಯಲ್ಲಿತ್ತು. ನಾಲ್ಕನೆಯ ಚೀಟಿಯನ್ನು ಮೂಸಿ ನೋಡಿ, ಬೆಳಕಿಗೆ ಹಿಡಿದು, ನನ್ನ ಕೈಗೇ ಕೊಟ್ಟರು.

"ಎಂಥ ಬರ್ದುಟ್ಟು ರೈಟ್ರೇ? ಒಂದ್ಸಲ ಓದಿ."

ಓದಿದ್ದರೆ ಅವರು ಅದನ್ನು ಅಲ್ಲೇ ಹರಿದು ಹಾಕುತ್ತಿದ್ದರು. ಮೂರು ಚೀಟಿಯಲ್ಲೇ ಎಲ್ಲಾದರೂ ಕೆಲಸ ಹುಟ್ಟಿಸಿಕೊಳ್ಳುತ್ತಿದ್ದರು. ಇಷ್ಟು ಯೋಚನೆ ಆಗ ನನಗೆ ಬರಲಿಲ್ಲ. ಅವರ ಮುಖ ನೋಡಿಕೊಂಡು ಆ ಮೂರು ಸಾಲು ಹೇಳುವ ಧೈರ್ಯ ಇರಲಿಲ್ಲ, ಅಷ್ಟೇ.

"ಒಳ್ಳೇದೇ ಬರ್ದವ್ರೆ ಅಣ್ಣ. ಕೆಲಸ ಬಲ್ಲವನು ಅಂತ ಬರ್ದವ್ರೆ" ಎಂದೆ.

ಅವರ ಮುಖ ಅರಳಿತು. ಧಣಿಗೆ ಕೋಪ ಇದ್ದರೂ ಅನ್ಯಾಯ ಮಾಡಲಿಲ್ಲ ಎಂದರು. ಚೀಟಿಯನ್ನು ಉಳಿದ ಮೂರರ ಮೇಲೆ ಸುತ್ತಿ ಡಬ್ಬದಲ್ಲಿಟ್ಟು, ನನಗೆ ಕೈ ಮುಗಿದು, ಗಾಳಿಬೀಡಿನ ರಸ್ತೆ ಹಿಡಿದರು. ನನಗೆ ಕೈ ಮುಗಿದರು!

ಆ ಬೇಸಿಗೆಯಲ್ಲಿ ನಾನು ಒಂದು ಮಣ್ಣಿನ ಮಡಕೆಯನ್ನು ಮೂರು ಸಲ ತೊಳೆದು, ಒಣಗಿಸಿ, ಲಾನಿನ ಮಣ್ಣನ್ನು ಮತ್ತೆ ಕಳಿಸಿದೆ. ವರದಿ ಬಂತು. ಮಣ್ಣು ತುಂಬ ಹುಳಿ, ಸುಣ್ಣ ಹಾಕಿ, ಇಲ್ಲವಾದರೆ ಕಟ್ಟಿಗೆಯ ಬೂದಿ ಹಾಕಿ ಎಂದಿತ್ತು. ಸಾಹೇಬರು ಹಳೆಯ ವರದಿಯನ್ನೂ ತರಿಸಿ ಪಕ್ಕದಲ್ಲಿಟ್ಟು ಓದಿದರು. "ಒಂದೇ ವರ್ಷದಲ್ಲಿ ಇಷ್ಟು ಬದಲಾಗ್ತದಾ ರೈಟ್ರೇ?" ಎಂದರು. ಬಾಗಿಲು ತೆರೆದು ಕೊಟ್ಟಂಥ ಪ್ರಶ್ನೆ ಅದು. ಹೇಳಿದ್ದರೆ ಆಗಲೂ ಸಂಪಾಜೆಗೆ ಆಳು ಕಳಿಸಿ ಕರೆಸುತ್ತಿದ್ದರು, ಅಂಥ ಮನುಷ್ಯ. "ಮಳೆ ಜಾಸ್ತಿ ಸಾರ್" ಎಂದೆ. ಸುಣ್ಣ ಹಾಕಿಸಿದೆವು. ಎರಡು ವರ್ಷಕ್ಕೆ ಲಾನು ಮೊದಲಿನಂತಾಯಿತು. ನನ್ನ ಕೆಲಸ ಖಾಯಂ ಆಯಿತು, ಮದುವೆಯಾಯಿತು. ಬಂದವರ ಮುಂದೆ ಸಾಹೇಬರು ನನ್ನನ್ನು ಹೊಗಳಿದಾಗಲೆಲ್ಲ ನಾನು ಕೈ ತೊಳೆಯುವ ನೆಪ ಮಾಡಿ ಎದ್ದು ಹೋಗುತ್ತಿದ್ದೆ.

ಸಂಪಾಜೆಗೆ ಹೋದದ್ದು ಆರು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಕೊಡಗು ಮೈಸೂರಿಗೆ ಸೇರಿತ್ತು, ಸಾಹೇಬರು ತೀರಿಕೊಂಡಿದ್ದರು, ನಾನು ಬೇರೆ ಎಸ್ಟೇಟಿನಲ್ಲಿದ್ದೆ. ಹೆದರಬೇಕಾದವರು ಯಾರೂ ಉಳಿಯದ ಮೇಲೆ ಧೈರ್ಯ ಬಂತು ಎನ್ನಬಹುದು. ಬಸ್ಸಿಳಿದು ಕೇಳಿದಾಗ ಮನೆ ತೋರಿಸಿದರು. ಅವರ ಹೆಂಡತಿಯ ಅಣ್ಣನ ಮನೆ ಅದು. ಜಗಲಿಯ ತುದಿಗೆ ತಟ್ಟಿ ಕಟ್ಟಿ ಒಂದು ಮೂಲೆ ಮಾಡಿದ್ದರು. ಗಂಡ ಹೆಂಡತಿ ಅದರಲ್ಲಿದ್ದರು. ಅವರ ಒಂದು ಕಣ್ಣಿಗೆ ಪೊರೆ ಬಂದಿತ್ತು. ಸ್ವರ ಕೇಳಿಯೇ ಗುರುತಿಸಿ, "ರೈಟ್ರಾ? ಕೂರಿ, ಕೂರಿ" ಎಂದು ಚಾಪೆ ಕೊಡವಿದರು. ಬೇರೆ ಮಾತಿಗೆ ಮೊದಲು ಕೇಳಿದ್ದು, "ಹುಲ್ಲು ಬಾತಾ?"

ಬಂತು ಎಂದೆ. ಅವರಿಗೆ ನಿಜವಾಗಿ ಸಂತೋಷವಾಯಿತು.

ಆಮೇಲೆ ತಮ್ಮ ಸುದ್ದಿ ಹೇಳಿದರು. ಮೂರು ಬಂಗಲೆಗೆ ಹೋಗಿದ್ದರಂತೆ. "ಹಳೆ ಚೀಟಿ ನೋಡಿ ಕೂರಿ ಹೇಳ್ದೊ. ಒಂದು ಕಡೆ ಮನೆ ಸಹ ತೋರಿಸಿದೊ, ಎರಡು ಕೋಣೆದು. ಕಡೆ ಚೀಟಿ ಓದಿಕಂಡ್ ಎಲ್ಲವೂ ಬೊತ್ತು ಹೇಳ್ದೊ. ಎಂಥಕೆ ಹೇಳಿ ಈಗಲೂ ಗೊತ್ಲೆ. ಒಳ್ಳೇದೇ ಬರ್ದುಟ್ಟು ಅಲ್ವಾ?" ಇದನ್ನು ಅವರು ದೂರಿನಂತೆ ಹೇಳಲಿಲ್ಲ, ಬಗೆಹರಿಯದ ಒಂದು ಲೆಕ್ಕದಂತೆ ಹೇಳಿದರು. ಮೂರನೆಯ ಕಡೆಯಿಂದ ಬಂದ ಮೇಲೆ ಕೇಳುವುದನ್ನೇ ಬಿಟ್ಟು, ದನಗಳಿಗೆ ಹುಲ್ಲು ಕೊಯ್ದು ಮಾರುವ ಕೆಲಸ ಹಿಡಿದರಂತೆ. ತಟ್ಟಿಯ ಹಿಂದೆ ಅವರ ಹೆಂಡತಿ ಲೋಟ ತೊಳೆಯುವ ಸದ್ದು ನಿಂತಿತ್ತು.

ನಾನು ಹೇಳಿದೆ. ಬಕೆಟ್ಟಿನಿಂದ ಹಿಡಿದು ಚೀಟಿಯ ಮೂರು ಸಾಲಿನ ತನಕ, ಒಂದನ್ನೂ ಬಿಡದೆ. ಅಳು ಬಂದದ್ದು ಹೌದು, ಅದಕ್ಕೆ ಬೆಲೆ ಏನೂ ಇಲ್ಲ. ಅವರು ಕೇಳಿದರು. ಬೈಯಲಿಲ್ಲ. ಎದ್ದು ಡಬ್ಬ ತಂದು ನಾಲ್ಕನೆಯ ಚೀಟಿ ತೆಗೆದು ನನ್ನ ಮುಂದೆ ಇಟ್ಟರು, ಅಷ್ಟೇ.

ನಾನು ಚೀಲದಿಂದ ಕಾಗದ ತೆಗೆದೆ. ಇಂಗ್ಲಿಷ್ ಬೇಡವೆಂದು ಕನ್ನಡದಲ್ಲಿ ಬರೆದೆ. ಲಾನು ಕೆಟ್ಟದ್ದು ನನ್ನ ತಪ್ಪಿನಿಂದ, ಈ ಮನುಷ್ಯ ಹೇಳಿದ್ದೇ ಸರಿ, ಇವರು ಬೂದಿ ಹಾಕಿದ ಕಡೆ ಮಾತ್ರ ಹುಲ್ಲು ಉಳಿಯಿತು, ಇವರಷ್ಟು ನಂಬಿಕಸ್ಥ ಮಾಲಿಯನ್ನು ನಾನು ಕಂಡಿಲ್ಲ ಎಂದು ಬರೆದು ಸಹಿ ಹಾಕಿದೆ. ಇನ್ನು ಇದನ್ನು ಹಿಡಿದು ಅವರು ಯಾವ ಬಂಗಲೆಗೂ ಹೋಗುವವರಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಹಳೆಯ ಭಾನುವಾರಗಳಂತೆ ಅವರಿಗೆ ಓದಿ ಹೇಳೋಣ ಎಂದು ಕಾಗದ ಎತ್ತಿಕೊಂಡು ಗಂಟಲು ಸರಿಮಾಡಿಕೊಂಡೆ.

"ನೀವು ಓದುದು ಬೊತ್ತು ರೈಟ್ರೇ" ಎಂದರು. ಸಿಟ್ಟಿನ ಸ್ವರವಲ್ಲ. ನನ್ನ ಕೈಯಿಂದ ಕಾಗದ ಮೆಲ್ಲಗೆ ತೆಗೆದುಕೊಂಡು, ಅಂಗಳದಲ್ಲಿ ಸೌದೆ ಒಡೆಯುತ್ತ ನನ್ನ ಮಾತನ್ನೆಲ್ಲ ಕೇಳಿಸಿಕೊಂಡಿದ್ದ ಹೆಂಡತಿಯ ಅಣ್ಣನನ್ನು ಕರೆದರು. ಅವರಿಗೆ ಕನ್ನಡ ಓದಲು ಬರುತ್ತಿತ್ತು. ಅವರು ಕೈ ಒರೆಸಿಕೊಂಡು ಬಂದು, ಜಗಲಿಯ ಮೇಲೆ ಕೂತು, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಮಾಲಿ ಅಣ್ಣ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಾ ಕೇಳಿದರು.

ಓದಿ ಮುಗಿಯಿತು. ಅವರು ಕಣ್ಣು ತೆರೆದು ಭಾವನ ಕಡೆ ತಿರುಗಿದರು.

"ಈ ರೈಟ್ರು ನಮ್ಮೆದುರು ಹೇಳ್ದದ್ದೂ, ಅಲ್ಲಿ ಬರ್ದದ್ದೂ ಒಂದೇ ಉಟ್ಟಾ ಬಾವ?" ಎಂದು ಕೇಳಿದರು.